ತೊಲೆಗೆ ಕಟ್ಟಿದ ಚೀಲ

ಬಂಗಾರಪೇಟೆ
3 ಜೂನ್ 2024

ಶ್ರೀ ಸುಧಾಕರ್ ಅವರಿಗೆ,

ಅಣ್ಣ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಅಪ್ಪನ ತಿಥಿಯ ದಿನ ನೆಂಟರಿಷ್ಟರ ಎದುರು ನನ್ನನ್ನು ಹೊಸಿಲ ಆಚೆ ನಿಲ್ಲಿಸಿ, ಅವತ್ತೇ ನನ್ನ ನಂಬರನ್ನೂ ಬ್ಲಾಕ್ ಮಾಡಿದವರು ನೀವು. ಹನ್ನೊಂದು ವರ್ಷವಾಯಿತು. ಇಲ್ಲಿಂದ ಉರಿಗಾಂಗೆ ರೈಲು ಹತ್ತಿದರೆ ಅರ್ಧ ಗಂಟೆ. ಆದರೂ ಒಡಹುಟ್ಟಿದ ನಮ್ಮಿಬ್ಬರ ನಡುವೆ ಅಂಚೆಯವನು ಬೇಕಾಯಿತು.

ವಿಷಯ ಇಷ್ಟೇ. ನೀವು ಕ್ಯಾಡಿ ಕೆಲಸ ಮಾಡುವ ಕ್ಲಬ್ಬಿನಲ್ಲಿ ಗಾಲ್ಫ್ ಕಲಿಯಲು ಈಗ ಹೊರಗಿನವರನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ನಾನು, ನನ್ನ ಗೆಳತಿ ಬ್ಯಾಂಕಿನ ಸುಮಿತಾ, ಇಬ್ಬರೂ ಹೆಸರು ಕೊಟ್ಟಿದ್ದೇವೆ. ಜೂನ್ 23ರಿಂದ ಭಾನುವಾರಗಳಂದು ಪಾಠ. ಜುಲೈ 28ಕ್ಕೆ ಸಮಿತಿಯವರ ಎದುರು ಮೂರು ಕುಳಿ ಆಡಿ ತೋರಿಸಬೇಕು; ತೋರಿಸಿದವರಿಗಷ್ಟೇ ಸದಸ್ಯತ್ವ. ಎಲ್ಲರೂ ಸ್ವಂತ ಸ್ಟಿಕ್ಕು ತರಬೇಕಂತೆ. ಅಂಗಡಿಯವನು ಹದಿನಾಲ್ಕರ ಸೆಟ್ ತಗೊಳ್ಳಿ ಅನ್ನುತ್ತಾನೆ, ಸುಮಿತಾ ಹನ್ನೊಂದು ಸಾಕು ಅನ್ನುತ್ತಾಳೆ. ನನಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಿಲ್ಲ. ನನ್ನ ಪರಿಚಯದಲ್ಲಿ ಇದನ್ನೆಲ್ಲ ಬಲ್ಲವರು ನೀವೊಬ್ಬರೇ. ಹೊಸಬಳು ಮೊದಲಿಗೆ ಏನೇನು ಕೊಳ್ಳಬೇಕು, ತಿಳಿಸಿ. ಕೇಳುತ್ತಿರುವುದು ಸಲಹೆ, ಭಿಕ್ಷೆಯಲ್ಲ.

ಇನ್ನೊಂದು ಮಾತು. ನಮ್ಮ ಗಣಿ ಲೈನ್‌ಮನೆಯ ತೊಲೆಗೆ ಗೋಣಿ ಸುತ್ತಿದ ಒಂದು ಉದ್ದನೆಯ ಚೀಲ ಕಟ್ಟಿತ್ತು. ಒಳಗೆ ಹಳೆಯ ಸ್ಟಿಕ್ಕುಗಳಿದ್ದ ನೆನಪು. ಅದು ಇದ್ದರೆ ನನಗೆ ಕೊಡಿ. ಮನೆ, ಕಾಮಸಮುದ್ರದ ಜಮೀನು ಯಾವುದರಲ್ಲೂ ನಾನು ಪಾಲು ಕೇಳಲಿಲ್ಲ.

ಯಾಕೆ ಈ ಹುಚ್ಚು ಅನ್ನುತ್ತೀರಿ. ಅಪ್ಪ ಜೀವಮಾನವಿಡೀ ಆ ಮೈದಾನದಲ್ಲಿ ಕಂಡವರ ಚೀಲ ಹೊತ್ತು ತಲೆ ತಗ್ಗಿಸಿ ನಡೆದ. ಅದೇ ಮೈದಾನದಲ್ಲಿ ನಾನು ನನ್ನ ಸ್ವಂತ ಚೀಲದೊಂದಿಗೆ ತಲೆ ಎತ್ತಿ ನಿಲ್ಲಬೇಕು.

ಶಶಿರೇಖ

*

ಉರಿಗಾಂ
7 ಜೂನ್ 2024

ಮಹಾರಾಜಶ್ರೀ ಹೆಡ್‌ಮಿಸ್ ಅಮ್ಮನವರಿಗೆ,

ಕಾಗದ ಸೇರಿತು. ಏಳನೇ ಕ್ಲಾಸು ಓದಿದವನಿಗೆ ಹೆಡ್‌ಮಿಸ್ಸು ಕಾಗದ ಬರೆದಿದ್ದಾರಲ್ಲ, ಜನ್ಮ ಸಾರ್ಥಕವಾಯಿತು.

ತಾವು ತಲೆ ಎತ್ತಿ ನಿಲ್ಲುವುದಕ್ಕೆ ಬಂಗಾರಪೇಟೆಯಲ್ಲಿ ಜಾಗ ಸಾಲಲಿಲ್ಲವೋ? ಅಪ್ಪ ತಲೆ ತಗ್ಗಿಸಿ ನಡೆದಿದ್ದು ಚೆಂಡು ಹುಡುಕುವುದಕ್ಕೆ. ಕ್ಯಾಡಿಯಾದವನು ನೆಲ ನೋಡದೆ ಆಕಾಶ ನೋಡುತ್ತಾನಾ? ಆ ಮನುಷ್ಯನ ಚೀಲದ ಮೇಲೆ ಈಗ ಕಣ್ಣು. ಅವನು ಮಂಚ ಹಿಡಿದು ಎರಡು ತಿಂಗಳು ಬಾಗಿಲು ನೋಡಿದನಲ್ಲ, ಆಗ ಎಲ್ಲಿ ಹೋಗಿತ್ತು ಆ ಕಣ್ಣು? ಚೀಲ ಇಲ್ಲ. ಗೆದ್ದಲು ತಿಂದು ಬಿಸಾಡಿದ್ದಾಯಿತು.

ಮೊದಲು ಇದು ತಿಳಿದುಕೋ. ಮೂವತ್ತೆಂಟು ವರ್ಷದಿಂದ ಅಲ್ಲಿ ನನ್ನದು ಟೋಕನ್ ಹದಿನೇಳು. ಯಾವ ಆಟಗಾರ ಬಂದರೂ ಸರದಿಯಲ್ಲಿ ಯಾರ ಟೋಕನ್ ಬರುತ್ತೋ ಅವನು ಚೀಲ ಹೊರಬೇಕು, ಬೇಡ ಅನ್ನೋ ಹಾಗಿಲ್ಲ. ನಾಳೆ ನೀನು ಬಂದು ನಿಂತು ನನ್ನ ಸರದಿ ಬಂದರೆ, ಆಂಡರ್ಸನ್‌ಪೇಟೆ ಹುಡುಗರೆಲ್ಲ ಹಲ್ಲು ಕಿರಿಯುತ್ತಾ ನಿಂತಿರುವಾಗ ನಾನು ತಂಗಿಯ ಹಿಂದೆ ಚೀಲ ಹೊತ್ತು ನಡೆಯಬೇಕು. ಅದಕ್ಕೇ ಬರುತ್ತಿದ್ದೀಯ ಅಂತ ನನಗೆ ಗೊತ್ತು. ನಿನ್ನ ಚೀಲ ನಾನು ಮುಟ್ಟಿದರೆ ನನ್ನ ಹೆಸರು ಸುಧಾಕರ್ ಅಲ್ಲ, ಬರೆದಿಟ್ಟುಕೋ.

ಕೇಳಿದ್ದಕ್ಕೆ ಹೇಳದಿದ್ದರೆ ಕೆಲಸಕ್ಕೆ ಅವಮಾನ ಅಂತ ಹೇಳುತ್ತೀನಿ. ಹದಿನಾಲ್ಕು ತಗೊಂಡು ಹೊಸಬರು ಏನು ಮಾಡುತ್ತಾರೆ, ಒಲೆ ಉರಿಸುತ್ತಾರಾ? ಏಳು ಸಾಕು. ದಪ್ಪ ತಲೆಯ ವುಡ್ ಒಂದು, ಚಪ್ಪಟೆ ಕಬ್ಬಿಣದ ತಲೆಯ ಐರನ್ ನಾಲ್ಕು, ಮರಳಿಗೆ ಬಿದ್ದ ಚೆಂಡು ಎತ್ತುವುದಕ್ಕೆ ಒಂದು, ಕುಳಿಗೆ ತಳ್ಳುವುದಕ್ಕೆ ಪಟರ್ ಒಂದು. ಅಂಗಡಿಯವನು ಎತ್ತರ ಅಳೆಯುತ್ತಾನೆ, ಅಳೆಸಿಕೊಳ್ಳಬೇಡ. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮಣಿಕಟ್ಟಿಂದ ನೆಲಕ್ಕೆ ಎಷ್ಟಿದೆ ನೋಡಿಸು. ಕೋಲು ಹಿಡಿದು ಆಡಿಸಿದರೆ ಸ್ವಲ್ಪ ಬಳುಕಬೇಕು. ಬಿಗಿ ಕೋಲು ತಗೊಂಡರೆ ಭುಜ ಹಿಡಿದುಕೊಳ್ಳುತ್ತೆ. ಬಣ್ಣಕ್ಕೆ ಮರುಳಾಗಬೇಡ.

ಇಷ್ಟು ಹೇಳಿದ್ದು ಕ್ಯಾಡಿ. ಅಣ್ಣನಾಗಿ ಹೇಳುವುದು ಒಂದೇ. ಬರಬೇಡ.

ಸುಧಾಕರ್, ಟೋಕನ್ ನಂ. 17

*

ಬಂಗಾರಪೇಟೆ
17 ಜೂನ್ 2024

ಸುಧಾಕರ್ ಅವರಿಗೆ,

ಶನಿವಾರ ಬೆಂಗಳೂರಿಗೆ ಹೋಗಿ ಸೆಟ್ ತಂದೆ. ಹನ್ನೊಂದು ಸ್ಟಿಕ್ಕು, ಗುಲಾಬಿ ಬಣ್ಣದ ಚೀಲ. ಏಳು ಸಾಕು ಎಂದು ನೀವು ಬರೆದಿದ್ದನ್ನು ಓದಿದಾಗಲೇ ಹನ್ನೊಂದು ಕೊಳ್ಳುವುದೆಂದು ನಿರ್ಧರಿಸಿಬಿಟ್ಟೆ. ಮಣಿಕಟ್ಟಿನ ಅಳತೆ ಮಾತ್ರ ಕೇಳಿದೆ. ಅಂಗಡಿಯವನು ಹುಬ್ಬೇರಿಸಿ, "ಮೇಡಂ, ಯಾರು ಹೇಳಿಕೊಟ್ಟರು? ಇದು ಹಳೇ ಕ್ಯಾಡಿಗಳ ಲೆಕ್ಕ" ಎಂದ. ಯಾರೋ ಗುರುತಿಲ್ಲದವರು ಎಂದೆ.

"ಯಾವ ಕೈ ಮೇಡಂ?" ಎಂದೂ ಕೇಳಿದ. ಇದೇನು ಪ್ರಶ್ನೆ, ಬಲಗೈ ಎಂದೆ. ಉಣ್ಣುವುದು, ಬರೆಯುವುದು, ಮಂಗಳಾರತಿ ತಗೊಳ್ಳುವುದು ಎಲ್ಲ ಬಲಗೈಯಲ್ಲೇ. ನಿಮ್ಮ ಉದ್ದನೆಯ ಉಪದೇಶದಲ್ಲಿ ಈ ಒಂದು ಪ್ರಶ್ನೆ ಮಾತ್ರ ಇರಲಿಲ್ಲ. ಮೂವತ್ತೆಂಟು ವರ್ಷದ ಅನುಭವ ಅಂದರೆ ಇಷ್ಟೇ ಏನು?

ಬಾಗಿಲು ನೋಡಿದ ಅಪ್ಪನ ವಿಷಯ ಎತ್ತಿದ್ದೀರಿ. ನಾನು ಯಾಕೆ ಬರಲಿಲ್ಲ ಎನ್ನುವುದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಊರ ಮುಂದೆ ನನ್ನನ್ನು ಕಲ್ಲು ಹೃದಯದವಳು ಮಾಡಿದಿರಿ.

ಬರುವ ಭಾನುವಾರ ನಿಮ್ಮ ಟೋಕನ್ ಬರಲಿ ಎಂದು ಹರಕೆ ಹೊತ್ತಿದ್ದೇನೆ.

ಶಶಿರೇಖ

*

ಉರಿಗಾಂ
1 ಜುಲೈ 2024

ಹೆಡ್‌ಮಿಸ್ ಅಮ್ಮನವರಿಗೆ,

ಎರಡು ಭಾನುವಾರವೂ ನಾನು ಹುಣಸೆಮರದ ಕೆಳಗೆ ನಿಂತು ನೋಡಿದೆ. ನಿಮ್ಮ ಹರಕೆ ದೇವರಿಗೆ ಮುಟ್ಟಲಿಲ್ಲ, ನನ್ನ ಟೋಕನ್ ಬರಲಿಲ್ಲ. ಬಂದಿದ್ದರೆ ನನಗಿಂತ ನಿಮಗೇ ನಾಚಿಕೆಯಾಗುತ್ತಿತ್ತು.

ಮೊದಲನೇ ವಾರ ಇಪ್ಪತ್ತು ಚೆಂಡು ಇಟ್ಟರು. ಹದಿನಾಲ್ಕು ಸಲ ನೀನು ಬರೀ ಗಾಳಿಗೆ ಬೀಸಿದೆ. ಮೂರು ಪಕ್ಕಕ್ಕೆ ಉರುಳಿದವು. ಒಂದು ಸುಮಿತಾ ಅಮ್ಮನ ಕಾಲಿಗೆ ಬಿತ್ತು. ಮಿಕ್ಕ ಎರಡು ಎಲ್ಲಿ ಹೋದವೋ ಕಲಿಸುವ ಬಾಲಾಜಿಗೂ ಗೊತ್ತಾಗಲಿಲ್ಲ. ಎರಡನೇ ವಾರ ಇನ್ನೂ ಚೆಂದ. ನಮ್ಮ ವಿಜಯಕುಮಾರ, ಟೋಕನ್ ಒಂಬತ್ತು, "ಏನಣ್ಣಾ, ನಿನ್ ತಂಗೀನಾ ಅದು? ನೊಣ ಓಡಿಸ್ತಾವ್ಳಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಗಾಲ್ಫ್ ನಿನಗಲ್ಲ. ಸ್ಟಿಕ್ಕು ಸವೆಯುವ ಮೊದಲು ಅಂಗಡಿಗೆ ವಾಪಸು ಕೊಡು. ಆ ಸೆಟ್ಟೇ ತಪ್ಪು. ನೀನು ಹೋಗಿ ಕೊಂಡಾಗಲೇ ತಪ್ಪು. ಯಾಕೆ ಅಂತ ನಾನು ಹೇಳುವುದಿಲ್ಲ.

ಇಪ್ಪತ್ತೆಂಟಕ್ಕೆ ಸಮಿತಿಯವರ ಮುಂದೆ ಹೀಗೇ ನಿಂತರೆ, ಕ್ಯಾಡಿ ವೆಂಕಟೇಶಪ್ಪನ ಮಗಳು ಅಂತಲೇ ನಗುತ್ತಾರೆ. ನಿನ್ನ ಮಾನ ನಿನ್ನದು, ಹೇಗಾದರೂ ಕಳಕೋ. ಅಪ್ಪನ ಹೆಸರು ಅಲ್ಲಿ ಇನ್ನೂ ಚೆನ್ನಾಗಿದೆ, ಅದನ್ನು ಬಿಟ್ಟುಬಿಡು.

ಸುಧಾಕರ್

*

ಬಂಗಾರಪೇಟೆ
9 ಜುಲೈ 2024

ಸುಧಾಕರ,

ಇನ್ನು ನಿನಗೆ ಬಹುವಚನವಿಲ್ಲ.

ಮೂರನೇ ಭಾನುವಾರವೂ ಹಾಗೇ ಆಯಿತು. ಬಾಲಾಜಿ ಪಾಪ, ಒಳ್ಳೆಯ ಹುಡುಗ. ಪ್ರತಿ ಸಲ ನನ್ನ ಕೈ ಬಿಡಿಸಿ, ಮೇಲಿನದನ್ನು ಕೆಳಗೆ ಕೆಳಗಿನದನ್ನು ಮೇಲೆ ಇಡುತ್ತಿದ್ದ. ನಾನು ಮತ್ತೆ ಹಿಡಿದಾಗ ಅವು ಮತ್ತೆ ಅದಲುಬದಲಾಗುತ್ತಿದ್ದವು. "ಮೇಡಂ, ನಿಮ್ಮ ಕೈ ಮಾತು ಕೇಳುತ್ತಿಲ್ಲ" ಎಂದ. ನನ್ನ ವಯಸ್ಸೇ ಕಾರಣವೆಂದುಕೊಂಡೆ.

ನಿನ್ನೆ ಶಾಲೆಯ ಕೈತೋಟದಲ್ಲಿ ಬದನೆಗೆ ಪಾತಿ ಮಾಡುತ್ತಿದ್ದೆ. ಬಿಸಿಯೂಟದ ಅಡುಗೆಯ ಮುನಿಲಕ್ಷ್ಮಿ ನೀರು ತಂದವಳು ನಿಂತು ನೋಡಿದಳು. "ಅಯ್ಯೋ ಮಿಸ್ಸೇ, ನೀವು ಎಡಚೇನಾ? ಗುದ್ದಲಿ ಇಡ್ಕೊಂಡಿರೋದು ನೋಡಿ, ನಮ್ಮ ಭಾವ ಇಂಗೇ ಇಡ್ಕೊಳೋದು" ಎಂದಳು. ಕೆಳಗೆ ನೋಡಿಕೊಂಡೆ. ಎಡಗೈ ಕೆಳಗೆ, ಎಡಭುಜದಿಂದ ಬೀಸು. ಗುದ್ದಲಿಯನ್ನು ನಾನು ಹುಟ್ಟಿದಂದಿನಿಂದ ಹೀಗೇ ಹಿಡಿದಿರಬೇಕು. ಕಾಮಸಮುದ್ರದ ಹೊಲದಲ್ಲಿ ಕಳೆ ತೆಗೆದರೆ ಸಾಕಿತ್ತು, ಯಾವ ಕೈ ಎಂದು ಯಾರೂ ಕೇಳಲಿಲ್ಲ. ಊಟದ ಎಲೆಯ ಮುಂದೆ, ಸ್ಲೇಟಿನ ಮುಂದೆ, ದೇವರ ಮುಂದೆ ಮಾತ್ರ ಕೇಳಿದರು.

ಪಾತಿಯ ಪಕ್ಕದಲ್ಲೇ ಕೂತೆ, ಎಲ್ಲ ಮತ್ತೆ ಕಣ್ಣೆದುರು ಬಂತು. ಆರು ವರ್ಷದ ನನ್ನ ಎಡಗೈಯನ್ನು ಬೆಳಗಾಗೆದ್ದು ಸೊಂಟಕ್ಕೆ ಸೇರಿಸಿ ಬಿಗಿಯುತ್ತಿದ್ದುದು, ಸತ್ತ ಅಮ್ಮನ ಸೀರೆಯ ಅಂಚನ್ನೇ ಹರಿದು ಕಟ್ಟುತ್ತಿದ್ದುದು, ಸಂಜೆ ಬಿಚ್ಚಿದಾಗ ಬೆರಳು ಮರಗಟ್ಟಿ ಲೋಟ ಬೀಳುತ್ತಿದ್ದುದು. ಒಂದೂವರೆ ವರ್ಷ. ಕಟ್ಟುತ್ತಿದ್ದವನು ನೀನು, ಆದರೆ ನೀನು ಹನ್ನೆರಡರ ಹುಡುಗ. "ಅಪ್ಪ ಹೇಳವ್ನೆ, ಕಟ್ಟಲೇಬೇಕು. ಅತ್ತರೆ ಬರೆ ಆಕ್ತಾನಂತೆ" ಎಂದು ಪ್ರತಿ ದಿನ ಹೇಳುತ್ತಿದ್ದೆ. ನಾನು ಅಳಲಿಲ್ಲ. ಅಪ್ಪ ಬಂದರೆ ಒಲೆಯ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಹತ್ತನೇ ಕ್ಲಾಸು ಮುಗಿದದ್ದೇ ಹಾಸ್ಟೆಲ್ ಸೇರಿ ಆ ಮನೆಗೆ ಬೆನ್ನು ಹಾಕಿದೆ. ಅವನು ಸಾಯುವಾಗಲೂ ನನ್ನ ಕಾಲು ಏಳಲಿಲ್ಲ. ಇದೆಲ್ಲ ನಿನಗೆ ಗೊತ್ತಿತ್ತು.

ಸೆಟ್ ತಪ್ಪು ಎಂದು ಬರೆದೆ. ಹುಣಸೆಮರದ ಕೆಳಗೆ ನಿಂತು, ಇವಳು ಎಡಗೈಯವಳು, ಬಲಗೈಯವರ ಸ್ಟಿಕ್ಕಿನಲ್ಲಿ ಬೀಸುತ್ತಿದ್ದಾಳೆ ಎಂದು ಒಂದೇ ನೋಟಕ್ಕೆ ನಿನಗೆ ಗೊತ್ತಾಗಿದೆ. ಗೊತ್ತಾಗಿ ಅವರ ಜೊತೆ ಸೇರಿ ನಕ್ಕಿದ್ದೀಯ. ನಿನಗೆ ಇಷ್ಟೊಂದು ಹೊಟ್ಟೆಯುರಿ ಯಾಕೆ?

ಎಡಗೈಯವರ ಸೆಟ್ ಅಂಗಡಿಯಲ್ಲಿಲ್ಲ. ತರಿಸಲು ಎರಡು ತಿಂಗಳಂತೆ. ಇಪ್ಪತ್ತೆಂಟು ಹೋಯಿತು. ಸುಮಿತಾಗೆ ಹೇಳಿದ್ದೇನೆ, ನಾನು ಬಿಡುತ್ತೇನೆಂದು. ಗೆದ್ದೆ ತಗೋ. ನೀನೂ ಗೆದ್ದೆ, ನನ್ನ ಕೈ ಕಟ್ಟಿಸಿದ ನಿನ್ನ ಅಪ್ಪನೂ ಗೆದ್ದ. ಮಣ್ಣಲ್ಲಿದ್ದರೂ ಬಿಡಲಿಲ್ಲ ಆ ಪುಣ್ಯಾತ್ಮ.

ಶಶಿರೇಖ

*

ಉರಿಗಾಂ
12 ಜುಲೈ 2024

ಶಶಿ,

ನನ್ನನ್ನು ಬೈಯಿ. ಹೊಟ್ಟೆಯುರಿಯವನು ಅನ್ನು, ಇನ್ನೂ ಏನು ಬಾಯಿಗೆ ಬರುತ್ತೋ ಅನ್ನು. ಸತ್ತವನನ್ನು ಎಳೆಯಬೇಡ. ಪುಣ್ಯಾತ್ಮ ಅಂತ ವ್ಯಂಗ್ಯ ಬರೆದಿದ್ದೀಯಲ್ಲ, ಆ ಕಾಗದ ಹರಿದು ಒಲೆಗೆ ಹಾಕಿದೆ.

ಅಪ್ಪ ನಿನ್ನ ಕೈ ಕಟ್ಟಿಸಲಿಲ್ಲ.

ಇದರ ಮೇಲೆ ನನ್ನನ್ನು ಏನೂ ಕೇಳಬೇಡ.

ಸುಧಾಕರ್

*

ಬಂಗಾರಪೇಟೆ
15 ಜುಲೈ 2024

ಮತ್ತೆ ಯಾರು?

ಅಜ್ಜಿಯಾದರೆ ಅಜ್ಜಿ ಎಂದು ಬರೆ. ನಲವತ್ತೆರಡು ವರ್ಷ ನಾನು ಅಪ್ಪನನ್ನು ದ್ವೇಷಿಸಿದ್ದೇನೆ. ಹಾಗೆ ಒಂದು ಸಾಲು ಬರೆದು ಬಾಗಿಲು ಹಾಕಿಕೊಂಡರೆ ನಾನು ಬಿಡುವವಳಲ್ಲ. ಈ ವಾರ ಉತ್ತರ ಬರದಿದ್ದರೆ ಭಾನುವಾರ ಹುಣಸೆಮರದ ಕೆಳಗೇ ಬಂದು ನಿನ್ನ ಹುಡುಗರೆಲ್ಲರ ಎದುರು ಕೇಳುತ್ತೇನೆ.

ಶಶಿರೇಖ

*

ಉರಿಗಾಂ
22 ಜುಲೈ 2024

ಶಶಿ,

ನಿನ್ನೆ ನೀನು ಮೈದಾನಕ್ಕೆ ಬರುತ್ತೀಯ ಅಂತ ನಾನು ರಜೆ ಹಾಕಿ ಮನೆಯಲ್ಲೇ ಕೂತಿದ್ದೆ. ಮೂವತ್ತೆಂಟು ವರ್ಷದಲ್ಲಿ ಮೊದಲನೇ ಭಾನುವಾರ. ನೀನು ಬಂದು ಅರ್ಧ ಗಂಟೆ ಕಾದೆ ಅಂತ ವಿಜಯಕುಮಾರ ಹೇಳಿದ. ನಾನು ಹೇಡಿ. ಈ ಮಾತು ಮೊದಲೇ ಬರೆದುಬಿಟ್ಟರೆ ಮಿಕ್ಕಿದ್ದು ಬರೆಯುವುದು ಸಲೀಸು.

ಅಮ್ಮ ಹೋದ ವರ್ಷ ಅದು. ಗಣಿಯಲ್ಲಿ ಒಬ್ಬ ಎಂಜಿನಿಯರ್ ದೊರೆ ಇದ್ದ. ಎಡಗೈಯವನು. ಅಪ್ಪನೇ ಅವನ ಖಾಯಂ ಕ್ಯಾಡಿ. ಆಸ್ಟ್ರೇಲಿಯಾಕ್ಕೆ ಹೊರಟು ನಿಂತಾಗ ತನ್ನ ಸೆಟ್ಟು ಅಪ್ಪನಿಗೆ ಕೊಟ್ಟ. ಏಳು ಸ್ಟಿಕ್ಕು, ಚರ್ಮದ ಚೀಲ. ಅಪ್ಪ ಅದನ್ನು ಹೊತ್ತು ಮನೆಗೆ ತಂದ ಸಂಜೆ ನಾನು ಕುಣಿದಾಡಿಬಿಟ್ಟೆ. ನಾನು ಆಗಲೇ ಎರಡು ವರ್ಷದಿಂದ ಅಪ್ಪನ ಹಿಂದೆ ಓಡಾಡಿ ಚೆಂಡು ಹೆಕ್ಕುತ್ತಿದ್ದವನು. ಗಣಿಯ ಕಸಮಣ್ಣು ಸುರಿದ ಸೈನೈಡ್ ದಿಬ್ಬದ ಹಿಂದೆ ಕಬ್ಬಿಣದ ಸಲಾಕೆ ಬಗ್ಗಿಸಿಕೊಂಡು ಆಡುತ್ತಿದ್ದವನು. ಚೀಲಕ್ಕೆ ಕೈ ಹಾಕಿದರೆ ಅಪ್ಪ ತಡೆದ. "ಬ್ಯಾಡ ಕಣ್ಲಾ. ಇದು ಎಡಗೈನೋರ್ದು, ನಿಂಗಾಗಲ್ಲ. ನಮ್ಮನೇಲಿ ಎಡಗೈ ಅಂದ್ರೆ ಶಶಿ ಒಬ್ಳೇ. ಅವ್ಳು ದೊಡ್ಡೋಳಾಗ್ಲಿ, ಇದು ಅವ್ಳಿಗೇ" ಅಂದ.

ನಾನು ಅವತ್ತು ಊಟ ಮಾಡಲಿಲ್ಲ. ನಮ್ಮ ಮನೆಗೆ ಆಯುಷ್ಯದಲ್ಲಿ ಇನ್ನೊಂದು ಸೆಟ್ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಬಂದದ್ದು ಒಂದು. ಅದೂ ಮೂಗು ಸುರಿಸಿಕೊಂಡು ಓಡಾಡುವ ಹೆಣ್ಣುಮಗೀಗೆ, ಅವಳು ಎಡಚಿ ಅನ್ನುವ ಒಂದೇ ಕಾರಣಕ್ಕೆ.

ಮಾರನೇ ದಿನ ಅಜ್ಜಿ ಚಿಕ್ಕವೆಂಕಟಮ್ಮನ ಹತ್ತಿರ ಹೋಗಿ, ಶಶಿ ಎಡಗೈಯಲ್ಲಿ ಪ್ರಸಾದ ತಿಂದಳು ಅಂದೆ. ಸುಳ್ಳು. ಅಜ್ಜಿ ಹೌಹಾರಿ, "ಎಣ್ಣುಮಗ, ಇಂಗೇ ಬಿಟ್ರೆ ನಾಳೆ ಯಾರ ಮನೇಗೂ ಸೇರಿಸ್ಕಳಲ್ಲ" ಅಂದಳು. "ಕೈ ಕಟ್ಟಿದ್ರೆ ಸರಿಹೋಗ್ತದೆ ಅಜ್ಜಿ, ನಾನು ಕಟ್ತೀನಿ" ಅಂದವನು ನಾನು. ಅಮ್ಮನ ಪೆಟ್ಟಿಗೆ ತೆಗೆದು ಸೀರೆ ಹರಿದವನು ನಾನು. ಅಪ್ಪ ಬೆಳಕು ಹರಿಯುವ ಮುಂಚೆ ಹೊರಟರೆ ದೀಪ ಹಚ್ಚಿದ ಮೇಲೆ ಬರುತ್ತಿದ್ದ. ಅಷ್ಟರಲ್ಲಿ ಬಿಚ್ಚಿಬಿಡುತ್ತಿದ್ದೆ. ನೀನು ಅಪ್ಪನಿಗೆ ಹೇಳಿಬಿಟ್ಟರೆ ಅಂತ ಭಯ. ಅದಕ್ಕೇ ಅಪ್ಪನೇ ಹೇಳಿದ್ದು ಅಂತ ನಿನ್ನನ್ನು ಹೆದರಿಸಿದೆ. ಅಪ್ಪನಿಗೆ ಏನೂ ಗೊತ್ತಿರಲಿಲ್ಲ ಶಶಿ.

ಒಂದು ಸಂಜೆ ನೀನು ಸ್ಲೇಟಿನ ಮೇಲೆ ಬಲಗೈಯಲ್ಲಿ ಬರೆಯುತ್ತಿದ್ದದ್ದನ್ನು ನೋಡಿದ. "ಬಿಟ್ಬಿಟ್ಳೇನ್ಲಾ ಎಡಗೈನ?" ಅಂದ. ಹೂಂ ತಾನಾಗೇ ಬಿಟ್ಟಳು ಅಂದೆ. ಅಪ್ಪ ಎದ್ದು ಆ ಚೀಲಕ್ಕೆ ಗೋಣಿ ಸುತ್ತಿ ತೊಲೆಗೆ ಕಟ್ಟಿದ. ನನಗೆ ಕೊಡಲಿಲ್ಲ. ಕೊಟ್ಟರೂ ನನಗೆ ಆಡಲು ಬರುತ್ತಿರಲಿಲ್ಲವಲ್ಲ, ಎಡಗೈಯವರದು. ಇಷ್ಟೆಲ್ಲ ಮಾಡಿ ನನಗೆ ಸಿಕ್ಕಿದ್ದು ಅಷ್ಟೇ.

ಇನ್ನೊಂದಿದೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಸಾಯುವ ಹಿಂದಿನ ವಾರ ಅಪ್ಪ ಕೇಳಿದ, "ಶಶಿ ಯಾಕ್ಲಾ ಬರ್ಲಿಲ್ಲ? ನಾನೇನ್ಲಾ ಮಾಡ್ದೆ ಆ ಮಗೀಗೆ?" ಅಂತ. ಆಗಲಾದರೂ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂತು. "ಅವಳಿಗೆ ಕೊಬ್ಬು ಕಣಪ್ಪಾ, ದೊಡ್ಡ ಕೆಲಸ ಸಿಕ್ಕಿದೆಯಲ್ಲ" ಅಂದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ. ತಿಥಿಯ ದಿನ ನೀನು ಬಂದಾಗ ಒಳಗೆ ಬಿಟ್ಟಿದ್ದರೆ ನೀನು ಮಾತಾಡುತ್ತಿದ್ದೆ, ನಿಜ ಹೊರಗೆ ಬೀಳುತ್ತಿತ್ತು. ಅದಕ್ಕೇ ಹೊಸಿಲಾಚೆ ನಿಲ್ಲಿಸಿದೆ. ನಿನ್ನ ಮೇಲೆ ಕೋಪಕ್ಕಲ್ಲ. ನೀನು ಮೈದಾನಕ್ಕೆ ಬರಬೇಡ ಅಂದದ್ದೂ ಅದಕ್ಕೇ. ಅಲ್ಲಿ ನಿಂತು ಒಂದು ಸಲ ಬೀಸಿದರೆ ನಿನ್ನ ಕೈ ಎಲ್ಲ ಹೇಳಿಬಿಡುತ್ತೆ ಅಂತ.

ಚೀಲವನ್ನು ಗೆದ್ದಲು ತಿಂದಿಲ್ಲ. ಅಪ್ಪ ಇರುವ ತನಕ ಪ್ರತಿ ಆಯುಧಪೂಜೆಗೆ ಇಳಿಸಿ, ಒರೆಸಿ, ಎಣ್ಣೆ ಹಾಕಿ ಕುಂಕುಮ ಇಡುತ್ತಿದ್ದ. ಆಮೇಲೆ ನಾನು ಇಡುತ್ತಾ ಬಂದೆ. ನಾಳೆ ಬೆಳಗಿನ ರೈಲಿನಲ್ಲಿ ವಿಜಯಕುಮಾರ ಈ ಕಾಗದದ ಜೊತೆಗೇ ಅದನ್ನು ತಂದು ಶಾಲೆಗೆ ಮುಟ್ಟಿಸುತ್ತಾನೆ. ಸ್ಟಿಕ್ಕುಗಳ ಹಿಡಿ ಪುಡಿಯಾಗಿತ್ತು, ಹೊಸ ರಬ್ಬರು ಹಾಕಿದ್ದೀನಿ. ದೊರೆ ಆರಡಿ ಆಳು, ಅವನ ಕೋಲು ನಿನಗೆ ಉದ್ದ. ಕತ್ತರಿಸಿದ್ದೀನಿ. ನೀನು ನಿಂತು ಆಡುವ ಜಾಗದ ಪಕ್ಕ ಒಂದು ನಂಬರು ಕಲ್ಲಿದೆ, ನಿನ್ನ ಮಣಿಕಟ್ಟು ಸರಿಯಾಗಿ ಅದರ ತಲೆಗೆ ಬರುತ್ತೆ. ಮೊದಲನೇ ಭಾನುವಾರ ನೀನು ಹೋದ ಮೇಲೆ ಕಲ್ಲಿಗೆ ದಾರ ಹಿಡಿದು ಅಳೆದುಕೊಂಡಿದ್ದೆ. ಅವತ್ತೇ ಯಾಕೆ ಕೊಡಲಿಲ್ಲ ಅಂದರೆ ಮೇಲೆ ಬರೆದಿದ್ದೀನಲ್ಲ, ಹೇಡಿ.

ಬಾಲಾಜಿ ಹೇಳಿದ್ದೆಲ್ಲ ಮರೆತುಬಿಡು. ಗುದ್ದಲಿ ಹಿಡಿದ ಹಾಗೇ ಹಿಡಿ. ಐದು ದಿನ ಇದೆ, ಶಾಲೆ ಮೈದಾನದಲ್ಲಿ ದಿನಾ ಬೀಸು. ಚೆಂಡು ಬೇಡ, ಹುಲ್ಲು ಸವರಿದರೆ ಸಾಕು.

ಕ್ಷಮಿಸು ಅಂತ ಕೇಳುತ್ತಿಲ್ಲ. ಕೇಳುವ ಮುಖ ಇಲ್ಲ.

ಸುಧಾಕರ್

*

ಬಂಗಾರಪೇಟೆ
29 ಜುಲೈ 2024

ಸುಧಾಕರಣ್ಣಾ,

ಈ ಕಾಗದವನ್ನು ಎಡಗೈಯಲ್ಲಿ ಬರೆಯುತ್ತೇನೆಂದು ಹಟ ಹಿಡಿದು ಕೂತೆ. ಎರಡು ಸಾಲಿಗೆ ಬೆರಳು ಸೋತವು. ನನ್ನ ಒಂದನೇ ಕ್ಲಾಸಿನ ಮಕ್ಕಳು ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ. ಹರಿದು ಹಾಕಿ ಬಲಗೈಗೆ ಪೆನ್ನು ತಗೊಂಡೆ. ಬರೆಯುವ ಎಡಗೈ ಇನ್ನು ಬರುವುದಿಲ್ಲ, ಅದು ಅಮ್ಮನ ಸೀರೆಯ ಅಂಚಿನಲ್ಲೇ ಹೋಯಿತು. ನೀನು ಇದನ್ನು ತಿಳಿದಿರಬೇಕು.

ನಿನ್ನೆಯದನ್ನು ನೀನು ಪಕ್ಕದಲ್ಲೇ ನಿಂತು ನೋಡಿದ್ದೀಯ, ಆದರೂ ಬರೆಯುತ್ತೇನೆ. ಟೋಕನ್ ಕಿಟಕಿಯಲ್ಲಿ "ಹದಿನೇಳು" ಎಂದು ಕೂಗು ಬಿತ್ತು. ಕೂಗಿದವನಿಗೂ ವಿಷಯ ಗೊತ್ತು, "ಮೇಡಂ, ಬೇರೆಯವರನ್ನು ಕೊಡಲಾ?" ಎಂದು ಮೆಲ್ಲಗೆ ಕೇಳಿದ. ಬೇಡ, ಸರದಿ ಯಾರದೋ ಅವರೇ ಬರಲಿ ಎಂದೆ. ಮುಟ್ಟಿದರೆ ಹೆಸರು ಸುಧಾಕರ್ ಅಲ್ಲ ಎಂದು ಬರೆದಿದ್ದ ನೀನು ಬಂದು, ಒಂದು ಮಾತಾಡದೆ ಅಪ್ಪನ ಚೀಲವನ್ನು ಹೆಗಲಿಗೆ ಹಾಕಿಕೊಂಡೆ. ಹುಣಸೆಮರದ ಕೆಳಗೆ ನಿನ್ನೆ ಯಾರೂ ನಗಲಿಲ್ಲ.

ಮೊದಲ ಚೆಂಡು ಸೈನೈಡ್ ದಿಬ್ಬದ ಕಡೆಗೆ ನೆಟ್ಟಗೆ ಹೋಯಿತು. ಅಷ್ಟು ದೂರ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. ಹಿಂದಿನಿಂದ ನೀನು "ಊಂ" ಅಂದೆ. ಅಪ್ಪ ಹಾಗೆ ಅನ್ನುತ್ತಿದ್ದ, ಸಾರು ಚೆನ್ನಾಗಿದ್ದರೆ. ನಲವತ್ತೆರಡು ವರ್ಷದಲ್ಲಿ ಅಪ್ಪನ ಒಂದು ಒಳ್ಳೆಯ ನೆನಪು ಬಂದದ್ದು ಅದೇ ಮೊದಲು. ತಿರುಗಿ ಅದೇ ಸ್ಟಿಕ್ಕಿನಲ್ಲಿ ನಿನ್ನ ಮೊಣಕಾಲು ಮುರಿಯಬೇಕು ಅನ್ನಿಸಿತು. ಸಮಿತಿಯವರಿದ್ದರು, ಅದನ್ನು ನಿನ್ನ ಕೈಗೆ ಕೊಟ್ಟೆ.

ಮೂರನೇ ಕುಳಿಗೆ ಒಂಬತ್ತು ಹೊಡೆತ ತಗೊಂಡರೂ ಇಬ್ಬರನ್ನೂ ಸೇರಿಸಿಕೊಂಡರು. ಸುಮಿತಾ ಸ್ವೀಟು ಹಂಚಿದಳು. ಗುಲಾಬಿ ಚೀಲ ಮೂಲೆಯಲ್ಲಿದೆ. ಏಳೇ ಸಾಕು, ಒಪ್ಪಿಕೊಂಡೆ.

ಕ್ಷಮೆ ನೀನು ಕೇಳಿಲ್ಲ, ನಾನು ಕೊಡುತ್ತಲೂ ಇಲ್ಲ. ಕೈ ಕಟ್ಟಿದ ಹನ್ನೆರಡರ ಹುಡುಗನನ್ನು ಹೇಗಾದರೂ ಬಿಡಬಹುದೇನೋ. ಮಂಚದ ಪಕ್ಕ ಕೂತು ಬಾಯಿ ಮುಚ್ಚಿಕೊಂಡ ಗಂಡಸನ್ನು ಬಿಡಲಾರೆ. ಅಪ್ಪ ಗೋಡೆ ಕಡೆ ತಿರುಗಿದ ಎಂದು ಬರೆದ ಸಾಲನ್ನು ನಾನು ದಿನಾ ಓದುತ್ತಿದ್ದೇನೆ.

ಸದಸ್ಯರಾದವರು ಸರದಿ ಬಿಟ್ಟು ತಮಗೆ ಬೇಕಾದ ಕ್ಯಾಡಿಯನ್ನೇ ಕೇಳಬಹುದಂತೆ. ನಾನು ಪ್ರತಿ ಭಾನುವಾರ ಹದಿನೇಳನ್ನೇ ಕೇಳುತ್ತೇನೆ. ಮಳೆಯಿರಲಿ, ಬಿಸಿಲಿರಲಿ, ಆ ಚೀಲವನ್ನು ನೀನೇ ಹೊರಬೇಕು. ನಿನ್ನೆಯ ಹಾಗೆ ಬಾಯಿ ಹೊಲಿದುಕೊಂಡು ಹೊರುವಂತಿಲ್ಲ. ಒಂದೊಂದು ಕುಳಿಗೆ ಅಪ್ಪನ ಒಂದೊಂದು ವಿಷಯ ಹೇಳಬೇಕು. ಅವನು ಯಾರ ಮೇಲೆ ರೇಗುತ್ತಿದ್ದ, ಯಾವುದಕ್ಕೆ ನಗುತ್ತಿದ್ದ, ನನ್ನ ಹೆಸರನ್ನು ಹೇಗೆ ಕರೆಯುತ್ತಿದ್ದ, ನನಗೆ ಒಂದೂ ಗೊತ್ತಿಲ್ಲ. ನಾನು ಒಲೆಯ ಹಿಂದೆ ನಿಂತಿದ್ದೆ. ನೀನು ಕಿತ್ತುಕೊಂಡ ಅಪ್ಪನನ್ನು ನಡೆದು ನಡೆದು ನನಗೆ ವಾಪಸು ಕೊಡು.

ಮೊದಲ ಕುಳಿಗೆ ಏನು ಹೇಳಬೇಕೆಂದು ಈಗಲೇ ತಿಳಿಸುತ್ತೇನೆ, ಯೋಚಿಸಿಕೊಂಡು ಬಾ. ಆ ಚೀಲವನ್ನು ತೊಲೆಗೆ ಕಟ್ಟುವಾಗ ಅಪ್ಪನ ಮುಖ ಹೇಗಿತ್ತು?

ಭಾನುವಾರ ಆರೂವರೆಗೆ ಬರುತ್ತೇನೆ.

ಶಶಿ